ಮೇದೋಜೀರಕದ ಕಲ್ಲು: ಶಸ್ತ್ರಚಿಕಿತ್ಸೆಯ ಸರದಿ ಯಾವಾಗ?

ಹೊಟ್ಟೆಯ ಸಾದಾ ಎಕ್ಸ್-ರೇಯಲ್ಲಿ ಬೆನ್ನುಮೂಳೆಗೆ ಅಡ್ಡಲಾಗಿ ಬಿಳಿಯ ಕಲ್ಲುಗಳ ಸಾಲು. ರೋಗಿ ಮದ್ಯ ಮುಟ್ಟದ ಬಡಕಲು ಹುಡುಗ, ಪಿತ್ತಕೋಶದಲ್ಲೂ ಕಲ್ಲಿಲ್ಲ. ಚಿಕ್ಕಂದಿನಿಂದ ಬಿಟ್ಟು ಬಿಟ್ಟು ಕಾಡುವ ಹೊಟ್ಟೆನೋವು, ಪ್ರಾಯಕ್ಕೆ ಬರುವಷ್ಟರಲ್ಲಿ ಸಕ್ಕರೆ ಕಾಯಿಲೆ. ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್ ಎಂದು ಹೆಸರಾದ ಈ ರೋಗವನ್ನು ವಿಶಾಖಪಟ್ಟಣದಿಂದ ಎಂ.ಜಿ. ಕಿಣಿ 1937ರಲ್ಲೇ ವರದಿ ಮಾಡಿದ್ದರು. 1959ರಲ್ಲಿ ಝೈಡೆಮಾ ಇಂಡೋನೇಷ್ಯಾದ ಬಡ ರೋಗಿಗಳಲ್ಲಿ ಇದನ್ನು ವಿವರಿಸಿದರು. ಆದರೆ ನೂರಾರು ರೋಗಿಗಳನ್ನು ಹಿಂಬಾಲಿಸಿ, ರೋಗದ ಪೂರ್ತಿ ಚಿತ್ರ ಬಿಡಿಸಿದವರು ಕೇರಳದ ಪಿ.ಜೆ. ಗೀವರ್ಗೀಸ್.

ಕಾರಣದ ಹುಡುಕಾಟದಲ್ಲಿ ಮೊದಲು ಸಿಕ್ಕಿಬಿದ್ದದ್ದು ಮರಗೆಣಸು. ಅದರಲ್ಲಿರುವ ಸಯನೈಡ್ ಅಂಶ, ಜೊತೆಗೆ ಪ್ರೋಟೀನಿನ ಕೊರತೆ ಎಂಬ ವಾದ ಬಹುಕಾಲ ನಡೆಯಿತು. ಮರಗೆಣಸು ತಿನ್ನದವರಲ್ಲೂ ರೋಗ ಕಂಡಾಗ ವಾದ ಸಡಿಲವಾಯಿತು. 2000ದ ನಂತರ ಸ್ಪಿಂಕ್-1 ಎಂಬ ಜೀನಿನ ದೋಷ ಭಾರತೀಯ ರೋಗಿಗಳಲ್ಲಿ ಗಣನೀಯವಾಗಿ ಕಂಡುಬಂತು. ಅದೇ ದೋಷ ಇದ್ದೂ ಆರೋಗ್ಯವಾಗಿರುವವರಿದ್ದಾರೆ, ಆದ್ದರಿಂದ ಅದೊಂದೇ ಕಾರಣವಲ್ಲ.

ಶಸ್ತ್ರವೈದ್ಯರು ಮಾತ್ರ ಕಾರಣಕ್ಕಾಗಿ ಕಾಯುವಂತಿರಲಿಲ್ಲ. ಅವರ ಎದುರಿಗಿದ್ದದ್ದು ನೋವು. ಮೇದೋಜೀರಕದ ನಾಳ ಕಟ್ಟಿಕೊಂಡು ಒಳಗಿನ ಒತ್ತಡ ಏರುವುದೇ ನೋವಿನ ಮೂಲ ಎಂಬ ಲೆಕ್ಕದಲ್ಲಿ, 1954ರಲ್ಲಿ ಡುವಾಲ್ ಗ್ರಂಥಿಯ ಬಾಲವನ್ನು ಕತ್ತರಿಸಿ ಅಲ್ಲಿಗೆ ಸಣ್ಣ ಕರುಳನ್ನು ಜೋಡಿಸಿದರು. ನಾಳ ನಡುನಡುವೆ ಕಿರಿದಾಗಿದ್ದರೆ ಇದು ಸಾಲದು. 1958ರಲ್ಲಿ ಪ್ಯೂಸ್ಟೋ ಮತ್ತು ಗಿಲೆಸ್ಬಿ ನಾಳವನ್ನು ಉದ್ದಕ್ಕೂ ಸೀಳಿದರು, ಆದರೆ ಗುಲ್ಮವನ್ನೂ ತೆಗೆದುಹಾಕುತ್ತಿದ್ದರು. ಎರಡೇ ವರ್ಷದಲ್ಲಿ ಪಾರ್ಟಿಂಗ್ಟನ್ ಮತ್ತು ರೋಶೆಲ್ ಗುಲ್ಮವನ್ನೂ ಬಾಲವನ್ನೂ ಉಳಿಸಿ, ಸೀಳಿದ ನಾಳದ ಮೇಲೆ ಕರುಳನ್ನು ಹೊಲಿಯುವ ಸರಳ ದಾರಿ ತೋರಿದರು. ಇದು ನಮ್ಮ ರೋಗಿಗಳಿಗೆಂದೇ ಕಂಡುಹಿಡಿದಂತಿದೆ: ಈ ರೋಗದಲ್ಲಿ ನಾಳ ಚೆನ್ನಾಗಿ ಹಿಗ್ಗಿರುತ್ತದೆ, ಕಲ್ಲುಗಳು ದಪ್ಪವಾಗಿರುತ್ತವೆ.

ಆದರೂ ಕೆಲವರ ನೋವು ಮರಳಿತು. ಗ್ರಂಥಿಯ ತಲೆಭಾಗ ಊದಿ ಗಟ್ಟಿಯಾಗಿ ಪಿತ್ತನಾಳವನ್ನು ಒತ್ತುತ್ತಿದ್ದವರಲ್ಲಿ ಬರೀ ನಾಳ ತೆರೆದರೆ ಆಗುವ ಉಪಕಾರ ಅಷ್ಟಕ್ಕಷ್ಟೆ. ಇಡೀ ತಲೆಯನ್ನು ಡ್ಯುಯೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ಸಮೇತ ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆ ಕ್ಯಾನ್ಸರಿಗೆ ಸರಿ, ಇಲ್ಲಿಗೆ ಅತಿಯಾಯಿತು. ಜರ್ಮನಿಯ ಬೇಗರ್ ಡ್ಯುಯೋಡಿನಂ ಉಳಿಸಿ ತಲೆ ತೆಗೆದರು; 1987ರಲ್ಲಿ ಫ್ರೇ ಮತ್ತು ಸ್ಮಿತ್ ತಲೆಯನ್ನು ಒಳಗಿನಿಂದ ಕೆರೆದು ತೆಗೆದು ನಾಳವನ್ನೂ ತೆರೆಯುವ ವಿಧಾನ ಪ್ರಕಟಿಸಿದರು.

ಅದೇ 1987ರಲ್ಲಿ ಜರ್ಮನಿಯಲ್ಲಿ ಮೇದೋಜೀರಕದ ಕಲ್ಲನ್ನು ಹೊರಗಿನಿಂದಲೇ ಆಘಾತ ತರಂಗಗಳಿಂದ ಪುಡಿಮಾಡಲಾಯಿತು. ಎಂಡೋಸ್ಕೋಪಿಯ ಜೊತೆ ಸೇರಿ ಈ ಚಿಕಿತ್ಸೆ ಹಬ್ಬಿತು. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ಅನುಭವ ಲೋಕದಲ್ಲೇ ದೊಡ್ಡ ಅನುಭವಗಳಲ್ಲೊಂದು. ಹೊಟ್ಟೆ ಕೊಯ್ಯದೆ ಗುಣವಾದರೆ ಯಾರಿಗೆ ಬೇಡ? ಶಸ್ತ್ರಚಿಕಿತ್ಸೆ ಕೊನೆಯ ದಾರಿಯಾಯಿತು.

2007ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಪುಟ್ಟ ಹೋಲಿಕೆ ಈ ಸರದಿಯನ್ನೇ ಪ್ರಶ್ನಿಸಿತು. 39 ರೋಗಿಗಳಲ್ಲಿ ಎರಡು ವರ್ಷದ ಬಳಿಕ ಶಸ್ತ್ರಚಿಕಿತ್ಸೆಯಾದವರ ಪೈಕಿ 75%, ಎಂಡೋಸ್ಕೋಪಿಯವರ ಪೈಕಿ 32% ಮಂದಿಗೆ ನೋವು ಪೂರ್ತಿಯಾಗಿಯೋ ಭಾಗಶಃವೋ ತಗ್ಗಿತ್ತು. 2020ರಲ್ಲಿ 88 ಡಚ್ ರೋಗಿಗಳ ಎಸ್ಕೇಪ್ ಅಧ್ಯಯನ ಬೇಗನೆ ಮಾಡಿದ ಶಸ್ತ್ರಚಿಕಿತ್ಸೆಯತ್ತ ವಾಲಿತು. ಡಚ್ ರೋಗಿಗಳ ಫಲಿತಾಂಶವನ್ನು ಮದ್ಯ ಮುಟ್ಟದ ನಮ್ಮ ಹುಡುಗರಿಗೆ ಹಾಗೆಯೇ ಅನ್ವಯಿಸಲಾಗದು. ಎಂಡೋಸ್ಕೋಪಿಯಿಂದ ನಾಳ ಪೂರ್ತಿ ತೆರವಾದವರೂ ಎಸ್ಕೇಪ್‌ನಲ್ಲಿ ಹೆಚ್ಚುಕಡಿಮೆ ಶಸ್ತ್ರಚಿಕಿತ್ಸೆಯಾದವರಷ್ಟೇ ಸುಖವಾಗಿದ್ದರು. ಆದರೂ ನನಗನಿಸುವುದಿಷ್ಟು: ವರ್ಷಗಟ್ಟಲೆ ನೋವುನಿವಾರಕ ನುಂಗಿಸಿ, ಸ್ಟೆಂಟ್ ಮೇಲೆ ಸ್ಟೆಂಟ್ ಹಾಕಿಸಿ, ನರಗಳೇ ನೋವನ್ನು ರೂಢಿಸಿಕೊಂಡ ಮೇಲೆ ಶಸ್ತ್ರವೈದ್ಯರ ಬಳಿ ಕಳಿಸುವುದು ಎಚ್ಚರಿಕೆಯಲ್ಲ, ಬರೀ ತಡ.

ಏನೇ ಮಾಡಿದರೂ ಸಕ್ಕರೆ ಕಾಯಿಲೆ ವಾಸಿಯಾಗುವುದಿಲ್ಲ. 1977ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಗ್ರಂಥಿಯನ್ನೇ ತೆಗೆದು, ಅದರ ಇನ್ಸುಲಿನ್ ಕಣಗಳನ್ನು ಬೇರ್ಪಡಿಸಿ, ರಕ್ತನಾಳದ ಮೂಲಕ ಅದೇ ರೋಗಿಯ ಯಕೃತ್ತಿಗೆ ಸೇರಿಸುವ ಸಾಹಸ ಶುರುವಾಯಿತು. ಆದರೆ ಇನ್ಸುಲಿನ್ ತಯಾರಿಕೆ ಆಗಲೇ ನಿಂತಿರುವವರಿಗೆ ಇದರಿಂದ ದಕ್ಕುವುದು ಕಡಿಮೆ. ಕ್ಯಾನ್ಸರಿನ ಭಯ ಬೇರೆ: 1994ರಲ್ಲಿ ಪ್ರಕಟವಾದ ಚೆನ್ನೈ ರೋಗಿಗಳ ಅಧ್ಯಯನದಲ್ಲಿ ಅಪಾಯ ಸುಮಾರು ನೂರು ಪಟ್ಟು ಹೆಚ್ಚಿತ್ತು. ಅದಕ್ಕೇ ಫ್ರೇ ವಿಧಾನದಲ್ಲಿ ಕೆರೆದ ತುಣುಕುಗಳು ಪರೀಕ್ಷೆಗೆ ಹೋಗಲೇಬೇಕು. ಆರಾಮವಾಗಿದ್ದವರಲ್ಲಿ ನೋವು ಹೊಸದಾಗಿ ಮರುಕಳಿಸಿದರೆ, ಕಾಮಾಲೆ ಕಂಡರೆ, ತೂಕ ಇಳಿದರೆ ಹಳೆಯ ಕಾಯಿಲೆಯೆಂದು ಸುಮ್ಮನಾಗದೆ ಮತ್ತೆ ಸ್ಕ್ಯಾನ್ ಮಾಡಿಸಬೇಕು.