ಸವೆದ ವೈಸು, ಸಂಜೆ ಆರು ಗಂಟೆ

1789ರ ಸುಮಾರಿಗೆ ಲಂಡನ್ನಿನ ಬೀಗ ತಯಾರಕ ಜೋಸೆಫ್ ಬ್ರಾಮಾ, ವೂಲಿಚ್ ಶಸ್ತ್ರಾಗಾರದಲ್ಲಿ ಕಮ್ಮಾರಿಕೆ ಮಾಡುತ್ತಿದ್ದ ಹೆನ್ರಿ ಮಾಡ್ಸ್ಲೆಯನ್ನು ಕರೆಸಿಕೊಂಡ. ಹುಡುಗನಿಗೆ 18 ವರ್ಷ. ಕೈ ಪಳಗಿತ್ತು ನಿಜ, ಆದರೆ ಆ ಕಾಲದ ಕಟ್ಟಳೆಯಂತೆ ಏಳು ವರ್ಷ ಒಬ್ಬ ಯಜಮಾನನ ಕೈಕೆಳಗೆ ಕಸುಬು ಕಲಿತವನಲ್ಲ. ಹಳೆಯ ಕೆಲಸಗಾರರು ಇವನನ್ನು ಒಪ್ಪಿಕೊಳ್ಳುವುದು ಹೇಗೆ? ಆಗ ಮಾಡ್ಸ್ಲೆ ಅಲ್ಲೇ ಇದ್ದ ಸವೆದುಹೋದ ವೈಸೊಂದನ್ನು ತೋರಿಸಿ, ಸಂಜೆ 6 ಗಂಟೆಯೊಳಗೆ ಇದನ್ನು ಸರಿಮಾಡಿಕೊಟ್ಟರೆ ಸಾಕೇ ಎಂದು ಕೇಳಿದನಂತೆ. ದವಡೆಗಳಿಗೆ ಹೊಸ ಉಕ್ಕು ಬೆಸೆದು, ಅರ ಹಾಕಿ ಮಟ್ಟ ಮಾಡಿ, ಕಾಯಿಸಿ ಹದ ಕೊಟ್ಟು, ಹೊತ್ತಿಗೆ ಮೊದಲೇ ಮುಗಿಸಿದ. ಸ್ಯಾಮ್ಯುಯೆಲ್ ಸ್ಮೈಲ್ಸ್ 1863ರ ತನ್ನ ಪುಸ್ತಕದಲ್ಲಿ ಈ ಪ್ರಸಂಗ ಬರೆದಿದ್ದಾನೆ.

ಮಾಡ್ಸ್ಲೆ ಎಂದರೆ ಎಲ್ಲರೂ ಅವನ ಸ್ಕ್ರೂ ಕಡಿಯುವ ಲೇತಿನ ಮಾತೆತ್ತುತ್ತಾರೆ. ಥ್ರೆಡ್ಡುಗಳಿಗೆ 1841ರಲ್ಲಿ ಅಳತೆ ಗೊತ್ತುಮಾಡಿದ ವಿಟ್‌ವರ್ತ್ ಕೂಡ ಅವನ ಗರಡಿಯಲ್ಲೇ ಪಳಗಿದವನು. ಫಿಟ್ಟರ್ ಕೆಲಸ ಕಲಿತ ನನಗೆ ಮಾತ್ರ ಆ ವೈಸಿನ ರಿಪೇರಿಯೇ ದೊಡ್ಡದು. ಮೆಷಿನ್ನುಗಳು ಬರುವ ಮೊದಲು ಕಬ್ಬಿಣವನ್ನು ಮಟ್ಟ ಮಾಡುತ್ತಿದ್ದದ್ದು ಉಳಿ ಮತ್ತು ಅರ. ಅವೆರಡೂ ನಡೆಯಬೇಕಾದರೆ ಮಾಲು ಅಲುಗಾಡದೆ ನಿಲ್ಲಬೇಕು, ಅದನ್ನು ದವಡೆಗಳಲ್ಲಿ ಹಿಡಿದು ನಿಲ್ಲಿಸುವುದೇ ವೈಸು.

ಆ ಕಾಲದವು ಹೆಚ್ಚಾಗಿ ಲೆಗ್ ವೈಸುಗಳು. ನಮ್ಮ ಕಡೆ ಕುಲುಮೆಗಳಲ್ಲೂ ಇದ್ದವು. ನನ್ನ ಶೆಡ್ಡಿನಲ್ಲಿರುವುದು ತಿಪಟೂರು ಕಡೆಯ ಕಮ್ಮಾರರೊಬ್ಬರ ಮನೆಯಿಂದ ಬಂದದ್ದು. ಎತ್ತಿನಗಾಡಿಯ ಕೆಲಸ ನಿಂತ ಮೇಲೆ ಗೋಡೆಗೊರಗಿ ತುಕ್ಕು ಹಿಡಿಯುತ್ತಿತ್ತು. ಇಡೀ ವೈಸನ್ನು ಬಡಿದೇ ಮಾಡಿದ್ದಾರೆ, ಎರಕವಲ್ಲ. ಒಂದು ಕಾಲು ನೆಲ ಮುಟ್ಟುತ್ತದೆ, ಸುತ್ತಿಗೆಯ ಏಟು ಬೆಂಚಿಗೆ ಹೋಗದೆ ಭೂಮಿಗೆ ಇಳಿಯುತ್ತದೆ. ಇದರ ನಟ್ಟನ್ನು ನೋಡಿ ನಾನು ಬೆರಗಾದೆ. ಒಳಗಿನ ಥ್ರೆಡ್ಡು ಕಡಿದದ್ದಲ್ಲ. ಕಬ್ಬಿಣದ ಪಟ್ಟಿಯನ್ನು ಸ್ಕ್ರೂವಿನ ಹೊಂದಿಕೆಗೆ ಸುರುಳಿ ಸುತ್ತಿ, ಕೊಳವೆಯೊಳಗೆ ಕೂರಿಸಿ, ಹಿತ್ತಾಳೆ ಕರಗಿಸಿ ಬೆಸೆದಿದ್ದಾರೆ. ಗ್ರೀಸು ಒರೆಸಿ ಟಾರ್ಚು ಬಿಟ್ಟರೆ ಥ್ರೆಡ್ಡಿನ ಬುಡದುದ್ದಕ್ಕೂ ಹಳದಿ ಗೆರೆ ಕಾಣುತ್ತದೆ.

ಲೆಗ್ ವೈಸಿಗೆ ಒಂದು ಮಿತಿ ಉಂಟು. ಮುಂದಿನ ದವಡೆ ಕೆಳಗಿನ ಕೀಲಿನ ಮೇಲೆ ಆಡುವುದರಿಂದ ಅಗಲ ತೆರೆದಷ್ಟೂ ಬಾಯಿ ಮೇಲ್ಮುಖ ಸೊಟ್ಟಗಾಗಿ, ಮಾಲನ್ನು ದವಡೆಯ ಕೆಳಅಂಚು ಮಾತ್ರ ಕಚ್ಚುತ್ತದೆ. ಬಡಿಯುವ, ಬಗ್ಗಿಸುವ ಕೆಲಸಕ್ಕೆ ಇದು ಅಡ್ಡಿಯಲ್ಲ. ಅರದ ಕೆಲಸಕ್ಕೆ ದವಡೆಗಳು ನೇರ ಎದುರುಬದುರು ಸರಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಎರಕದ ಪ್ಯಾರಲಲ್ ವೈಸುಗಳು ಕಾರ್ಖಾನೆಗಳನ್ನು ತುಂಬಿದ್ದು ಹೀಗೆ. ಶೆಫೀಲ್ಡಿನಲ್ಲಿ ಹ್ಯಾಂಪ್ಟನ್ ಸೋದರರ ಕಂಪನಿ 1898ರಲ್ಲಿ ಶುರುವಾಯಿತು. 1909ರಲ್ಲಿ ‘ರೆಕಾರ್ಡ್’ ಎಂಬ ಹೆಸರು ಬಂತು. ಅವರ ನೀಲಿ ವೈಸುಗಳನ್ನು ಕಂಡರೆ ಇಂದಿಗೂ ಫಿಟ್ಟರುಗಳ ಮುಖ ಅರಳುತ್ತದೆ.

ನನ್ನ 3ನೇ ನಂಬರಿನ ರೆಕಾರ್ಡ್, 4 ಇಂಚು ದವಡೆಯದ್ದು, ಕೆಜಿಎಫ್‌ನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. 1880ರಿಂದ ಜಾನ್ ಟೇಲರ್ ಕಂಪನಿ ಆ ಊರಿನ ಚಿನ್ನದ ಗಣಿ ನಡೆಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹೋಯಿತು. ಪಂಪು, ಡ್ರಿಲ್ಲು, ಲಿಫ್ಟಿನ ಯಂತ್ರ ಎಲ್ಲವನ್ನೂ ಸದಾ ರಿಪೇರಿ ಮಾಡುತ್ತಲೇ ಇರಬೇಕಾದ ಊರು ಅದು. 2001ರಲ್ಲಿ ಗಣಿ ಮುಚ್ಚಿತು. ಗಣಿಯಿಂದ ತೆಗೆದ ಚಿನ್ನದ ಲೆಕ್ಕ ಎಲ್ಲರಿಗೂ ಬೇಕು. ಆ ಯಂತ್ರಗಳನ್ನು ಓಡಿಸಿಟ್ಟ ಫಿಟ್ಟರುಗಳ ಹೆಸರು ಯಾವ ಫಲಕದ ಮೇಲೂ ನಾನು ನೋಡಿಲ್ಲ. ಇದು ನನಗೆ ನೋವಿನ ಸಂಗತಿ.

ಹಳೆಯ ವೈಸು ಕೊಳ್ಳುವವರು ಮೊದಲು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಎರಕ ಖಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಮಂದ ಸದ್ದು ಮಾಡುತ್ತದೆ. ಹಿಡಿ ಬಾಗಿದ್ದರೆ ಯಾರೋ ಪೈಪು ತೊಡಿಸಿ ಬಿಗಿದಿದ್ದಾರೆ ಎಂದರ್ಥ. ಅಂಥದ್ದರಲ್ಲಿ ನಟ್ಟನ್ನೂ ಬಿಚ್ಚಿಸಿ ನೋಡಬೇಕು. ತಂದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ಹಚ್ಚಿದರೆ ಸಾಕು. ಬಣ್ಣ ಹೊಡೆದು ಅಕ್ಷರಗಳಿಗೆ ಚಿನ್ನದ ರಂಗು ಬಳಿದು ಕಪಾಟಿಗೇರಿಸುವುದು ನನಗೆ ಒಪ್ಪಿಗೆಯಿಲ್ಲ. ದವಡೆಯ ನಡುವೆ ಸವೆದು ನುಣುಪಾದ ಜಾಗವಿದೆಯಲ್ಲ, ಒಬ್ಬ ಕೆಲಸಗಾರ ವರ್ಷಗಟ್ಟಲೆ ಅಲ್ಲೇ ಮಾಲು ಹಿಡಿದದ್ದಕ್ಕೆ ಅದೇ ಸಾಕ್ಷಿ. ಅದನ್ನು ಗ್ರೈಂಡರಿಗೆ ಕೊಡಬಾರದು.

ಬಗ್ಗಿಸುವ ಬಡಿಯುವ ಕೆಲಸಕ್ಕೆ ನಾನು ಇಂದಿಗೂ ಲೆಗ್ ವೈಸಿಗೇ ಹೋಗುತ್ತೇನೆ. ಅರದ ಕೆಲಸವೆಲ್ಲ ರೆಕಾರ್ಡಿನ ಮೇಲೆ. ಹಿತ್ತಾಳೆ ಮಾಲಾದರೆ ದವಡೆಗೆ ತಾಮ್ರದ ತಗಡು ಮಡಿಸಿ ಹೊದಿಸುತ್ತೇನೆ. ಎತ್ತರಕ್ಕೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟ ಅಳತೆಯೇ ಸರಿ: ಮೊಣಕೈಯನ್ನು ವೈಸಿನ ಮೇಲೂರಿ ನೆಟ್ಟಗೆ ನಿಂತರೆ ಮುಷ್ಟಿ ಗಲ್ಲಕ್ಕೆ ತಾಗಬೇಕು. ನನ್ನ ಅಣ್ಣನ ಮಗ ನನಗಿಂತ ಎತ್ತರ. ಅವನು ಅರ ಹಿಡಿಯುವ ದಿನ ವೈಸಿನ ಬೋಲ್ಟು ಬಿಚ್ಚಿ ಕೆಳಗೊಂದು ಹಲಗೆ ಕೊಡುತ್ತೇವೆ.