ಕಟ್ಟಿಸುವುದೋ, ಕೊಳ್ಳುವುದೋ: ಕೋಲಾರದ ಕೆಲವು ಹಳೆಯ ಲೆಕ್ಕಗಳು

ಅಂಗಡಿಯೊಂದು ಬೆಳೆದು ಸಂಸ್ಥೆಯಾಗುವ ಹಾದಿಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಲೆಕ್ಕ ಇಡುವುದಕ್ಕೆ, ಹಾಜರಿ ಹಾಕುವುದಕ್ಕೆ, ಬಿಲ್ಲು ಮಾಡುವುದಕ್ಕೆ ಸಾಫ್ಟ್‌ವೇರ್ ಬೇಕು. ಅದನ್ನು ಪೇಟೆಯಲ್ಲಿ ಸಿಗುವ ಹಾಗೆಯೇ ಕೊಂಡು ತರುವುದೋ, ನಮ್ಮ ಕೆಲಸಕ್ಕೆ ಒಪ್ಪುವಂತೆ ಬರೆಸಿಕೊಳ್ಳುವುದೋ? ಬೆಂಗಳೂರಿನ ಕಂಪನಿಗಳು ಇದನ್ನು ಹಣದ ಪ್ರಶ್ನೆಯೆಂದೇ ನೋಡುತ್ತವೆ. ಯಾವುದು ಅಗ್ಗ, ಯಾವುದು ಬೇಗ ಎಂದು ಎರಡು ಪಟ್ಟಿ ಮಾಡಿ ತೂಗುತ್ತವೆ. ನಮ್ಮ ಕೋಲಾರ ಸೀಮೆಯ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಅದು ಬರೀ ಹಣದ ಪ್ರಶ್ನೆಯಲ್ಲ ಅನ್ನಿಸತೊಡಗಿತು. ಕಂಪ್ಯೂಟರು ಬರುವುದಕ್ಕೆ ಬಹಳ ಮೊದಲೇ ಈ ಜಿಲ್ಲೆ ಅದೇ ಪ್ರಶ್ನೆಗೆ ಉತ್ತರ ಹುಡುಕಿತ್ತು.

ಮೊದಲ ಉತ್ತರ ಸಿಕ್ಕಿದ್ದು ಚಿನ್ನದ ಗಣಿಯಲ್ಲಿ. 1880ರಿಂದ ಜಾನ್ ಟೇಲರ್ ಕಂಪನಿ ಕೆ.ಜಿ.ಎಫ್‌ನಲ್ಲಿ ಆಧುನಿಕ ರೀತಿಯ ಗಣಿಗಾರಿಕೆ ನಡೆಸುತ್ತಿತ್ತು. ಆಳಕ್ಕೆ ಇಳಿದಷ್ಟೂ ನೀರೆತ್ತಲು, ಗಾಳಿ ತಳ್ಳಲು, ಅದಿರು ಅರೆಯಲು ಹೆಚ್ಚು ಹೆಚ್ಚು ಶಕ್ತಿ ಬೇಕಾಗುತ್ತಿತ್ತು. ಅದೆಲ್ಲ ನಡೆಯುತ್ತಿದ್ದದ್ದು ಉಗಿಯಂತ್ರಗಳಿಂದ. ಉಗಿಯಂತ್ರಕ್ಕೆ ದೂರದಿಂದ ಕಲ್ಲಿದ್ದಲು ಬರಬೇಕಿತ್ತು. ಆಗ ಮೈಸೂರು ಸರ್ಕಾರ ಒಂದು ಮಾತು ಮುಂದಿಟ್ಟಿತು: ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಕಡೆ ನಾವು ವಿದ್ಯುತ್ ಮಾಡುತ್ತೇವೆ, ನೀವು ಕೊಂಡುಕೊಳ್ಳಿ. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು. ಎಂಜಿನಿಯರ್ ಜೋಲಿ ದ ಲೋಟ್‌ಬಿನಿಯೇರ್ ಯೂರೋಪು, ಅಮೆರಿಕ ಸುತ್ತಿ ಬಂದು ಯೋಜನೆ ಕೂಡಿಸಿದರು. 1902ರ ಜೂನ್ 30ರಂದು ಸುಮಾರು 92 ಮೈಲಿ ದೂರದ ತಂತಿಯ ಮೇಲೆ ಕರೆಂಟು ಕೆ.ಜಿ.ಎಫ್ ತಲುಪಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷದ ನಂತರ, 1905ರಲ್ಲಿ.

ಇಲ್ಲಿ ಯಾರು ಕಟ್ಟಿದರು, ಯಾರು ಕೊಂಡರು ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಗಣಿ ಕಂಪನಿಗಳು ಕೊಂಡವು. ತಮ್ಮ ಕಸುಬು ಚಿನ್ನ ತೆಗೆಯುವುದು, ಕರೆಂಟು ಮಾಡುವುದಲ್ಲ ಎಂಬ ತಿಳಿವಳಿಕೆ ಅವಕ್ಕಿತ್ತು. ಕಟ್ಟಿದ್ದು ಸರ್ಕಾರ. ಆದರೆ ಸರ್ಕಾರವೂ ಎಲ್ಲವನ್ನೂ ತಾನೇ ಮಾಡಲಿಲ್ಲ. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ ಬಂದವು, ನೀರಿನ ಟರ್ಬೈನುಗಳು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯಿಂದ. ಮೈಸೂರು ತನ್ನ ಕೈಯಲ್ಲಿ ಇಟ್ಟುಕೊಂಡದ್ದು ನದಿ, ತಂತಿ ಮತ್ತು ಅದನ್ನು ನಡೆಸುವ ವಿದ್ಯೆ. ಹತ್ತು ವರ್ಷದ ಕರಾರಿನಲ್ಲಿ ಆರಂಭವಾದ ಈ ವ್ಯಾಪಾರ ಕೊನೆಗೆ ಒಂದು ಇಲಾಖೆಯನ್ನೂ ಎಂಜಿನಿಯರುಗಳ ಒಂದು ಪೀಳಿಗೆಯನ್ನೂ ಬೆಳೆಸಿತು.

ಕೊಂಡವರಿಗೆ ತಾಪತ್ರಯ ಇರಲಿಲ್ಲವೆಂದಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ನೂರು ಮೈಲಿ ಆಚೆ ಗಣಿಯ ಚಕ್ರ ನಿಧಾನವಾಗುತ್ತಿತ್ತು. ಮಾತಿನಂತೆ ಕರೆಂಟು ಕೊಡಬೇಕಾದರೆ ನೀರು ಕೂಡಿಡಲೇಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಹಿಡಿದಾಗ ಮುಂದಿದ್ದ ಕಾರಣಗಳಲ್ಲಿ ಗಣಿಗೆ ಕೊಡಬೇಕಾದ ವಿದ್ಯುತ್ತೂ ಒಂದು. ಮಂಡ್ಯದ ಕಬ್ಬಿನ ಗದ್ದೆಗೆ ಹರಿದ ನೀರಿನ ಹಿಂದೆ ಕೋಲಾರದ ಒಂದು ಖರೀದಿ ಕರಾರು ಇದೆ ಎನ್ನುವುದು ನಮ್ಮ ಬರಗಾಲದ ಊರುಗಳಿಗೆ ಸ್ವಲ್ಪ ಕಹಿಯಾದ ಸತ್ಯ. ಹಾಗೆಯೇ ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತನದ್ದು. ಮುಂದೆ ದೇಶವೆಲ್ಲ 50ಕ್ಕೆ ಹೋಯಿತು. ಒಮ್ಮೆ ಒಂದು ಅಳತೆಗೆ ಕಟ್ಟಿದ ಮೇಲೆ ಅದಕ್ಕೆ ತಕ್ಕ ಮೋಟಾರುಗಳೇ ಬೇಕು. ಸಾಫ್ಟ್‌ವೇರಿನವರು ಇವತ್ತು ಒಂದೇ ಕಂಪನಿಗೆ ಕಟ್ಟುಬೀಳುವುದು ಎಂದು ಹೆದರುವ ಸಂಗತಿ ಇದೇ.

ಎರಡನೆಯ ಲೆಕ್ಕ ಪಹಣಿಯದು. ಬಂಗಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಕಚೇರಿಗಳೂ ಸೇರಿದಂತೆ ರಾಜ್ಯದ ಆಗಿನ 177 ತಾಲ್ಲೂಕುಗಳಿಗೆ ‘ಭೂಮಿ’ ಯೋಜನೆಯ ಕಂಪ್ಯೂಟರುಗಳು ಬರುತ್ತಿದ್ದವು. ಒಂದು ನೆಲದಡಿಯ ಕೆಲಸ ನಿಂತಿತು, ನೆಲದ ಮೇಲಿನ ಕಾಗದದ ಕೆಲಸ ಬದಲಾಯಿತು.

ಅದಕ್ಕೂ ಮೊದಲು ಪಹಣಿ ಇದ್ದದ್ದು ಗ್ರಾಮಲೆಕ್ಕಿಗರ ಚೀಲದಲ್ಲಿ. ಶಾನುಭೋಗರ ಕಾಲ ಅರವತ್ತರ ದಶಕದಲ್ಲಿ ಮುಗಿದು ಸರ್ಕಾರಿ ಗ್ರಾಮಲೆಕ್ಕಿಗರು ಬಂದಿದ್ದರು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಬೆಳೆಸಾಲಕ್ಕೆ, ಜಾಮೀನಿಗೆ, ಕೋರ್ಟಿಗೆ ಪಹಣಿ ಬೇಕಾದವರು ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಸಿಕ್ಕರೆ ಪುಣ್ಯ. ಸಿಕ್ಕ ಮೇಲೆ ಕೈಬಿಸಿ ಮಾಡುವುದು ಎಲ್ಲರಿಗೂ ಗೊತ್ತಿದ್ದ ಪದ್ಧತಿ.

ಕಂಪ್ಯೂಟರ್ ತರುವ ಪ್ರಯತ್ನ 1991ರಲ್ಲೇ ಆರಂಭವಾಗಿತ್ತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಅದು ಫಲ ಕೊಡಲಿಲ್ಲ. ಕಾರಣ ಸರಳ. ದಾಖಲೆ ದಿನದಿನವೂ ಬದಲಾಗುವುದು ತಾಲ್ಲೂಕಿನಲ್ಲಿ ಮತ್ತು ಹಳ್ಳಿಯಲ್ಲಿ. ಯಂತ್ರ ಕೂತಿದ್ದು ಜಿಲ್ಲಾ ಕೇಂದ್ರದಲ್ಲಿ. ಜಮೀನು ಮಾರಿದರೆ, ಅಣ್ಣತಮ್ಮಂದಿರು ಭಾಗ ಮಾಡಿಕೊಂಡರೆ, ಅಪ್ಪ ತೀರಿಕೊಂಡು ಪೌತಿ ಖಾತೆಯಾದರೆ ಆ ಬದಲಾವಣೆಯನ್ನು ಯಂತ್ರಕ್ಕೆ ತಲುಪಿಸುವ ದಾರಿಯೇ ಇರಲಿಲ್ಲ. ತುಂಬಿದ ದಿನವೇ ಮಾಹಿತಿ ಹಳಸಲು ಶುರು.

ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ‘ಭೂಮಿ’ಯನ್ನು ಹೊಸದಾಗಿ ರೂಪಿಸಿದಾಗ ಈ ತಪ್ಪನ್ನು ತಿದ್ದಲಾಯಿತು. ಸಾಫ್ಟ್‌ವೇರ್ ಬರೆದದ್ದು ಎನ್.ಐ.ಸಿ, ಅಂದರೆ ಸರ್ಕಾರದ್ದೇ ಸಂಸ್ಥೆ. ಇದನ್ನು ಪೇಟೆಯಿಂದ ಏಕೆ ತರಲಾಗುತ್ತಿರಲಿಲ್ಲ ಎಂಬುದು ಒಂದು ಪಹಣಿಯನ್ನು ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಅದರಲ್ಲಿ ವಿಸ್ತೀರ್ಣ ಎಕರೆ, ಗುಂಟೆಯಲ್ಲಿರುತ್ತದೆ. ಎರಡು ಎಕರೆ ಮೂವತ್ತೊಂಬತ್ತು ಗುಂಟೆಗೆ ಒಂದು ಗುಂಟೆ ಕೂಡಿಸಿದರೆ ಮೂರು ಎಕರೆ. ಹತ್ತರ ಲೆಕ್ಕ ಮಾತ್ರ ಬಲ್ಲ ಯಂತ್ರಕ್ಕೆ ಇದನ್ನು ಕಲಿಸಬೇಕು. ಖರಾಬು ಕಳೆಯಬೇಕು, ಹಿಸ್ಸಾ ಒಡೆಯಬೇಕು. ಒಂಬತ್ತನೇ ಕಲಂನಲ್ಲಿ ಒಡೆಯನ ಹೆಸರು, ಹನ್ನೊಂದರಲ್ಲಿ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ ಮಾಡುವವನು. ಒಡೆಯ ಮತ್ತು ಉಳುವವ ಬೇರೆಯಾದ ಕಡೆಯೇ ಎಷ್ಟೋ ಹಳ್ಳಿಗಳ ಐವತ್ತು ವರ್ಷದ ಜಗಳ ಕೂತಿದೆ. ಇದಕ್ಕೆಲ್ಲ ಯಾವ ದೇಶದ ಸಿದ್ಧ ಪೊಟ್ಟಣದಲ್ಲೂ ಜಾಗ ಇರುವುದಿಲ್ಲ.

ಆದರೆ ಇಲ್ಲಿಯೂ ಎಲ್ಲವನ್ನೂ ಕಟ್ಟಲಿಲ್ಲ. ಕಂಪ್ಯೂಟರು, ಆಪರೇಟಿಂಗ್ ಸಿಸ್ಟಂ, ಡೇಟಾಬೇಸು, ಬೆರಳಚ್ಚು ಓದುವ ಉಪಕರಣ ಎಲ್ಲ ಪೇಟೆಯಿಂದ ಬಂದವು. ಸುಮಾರು ಎರಡು ಕೋಟಿ ದಾಖಲೆಗಳನ್ನು ಬೆರಳಚ್ಚಿಸಲು ಖಾಸಗಿಯವರನ್ನು ಹಿಡಿದರು. ಕಟ್ಟಿದ್ದು ನಡುವಿನ ಭಾಗವನ್ನು ಮಾತ್ರ: ಅರ್ಜಿ ಬಂದ ಸರದಿಯಲ್ಲೇ ಕಡತ ಹೋಗಬೇಕು, ನೋಟೀಸು ಹೊರಟು ಮೂವತ್ತು ದಿನ ಕಾಯಬೇಕು, ತಿದ್ದಿದ ಅಧಿಕಾರಿ ಬೆರಳೊತ್ತಿ ತನ್ನ ಗುರುತು ಬಿಡಬೇಕು ಎಂಬ ನಿಯಮಗಳನ್ನು. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದು ಸರ್ಕಾರ ಹೇಳಿತು. 15 ರೂಪಾಯಿಗೆ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಶಿವನಸಮುದ್ರದ ಹಂಚಿಕೆಯೇ ಮತ್ತೆ ಇಲ್ಲಿ ಕಾಣುತ್ತದೆ: ಯಂತ್ರ ಹೊರಗಿನದು, ನದಿ ನಮ್ಮದು.

ಇಷ್ಟಕ್ಕೇ ನಿಲ್ಲಿಸಿದರೆ ಕತೆ ಸೊಗಸಾಗಿರುತ್ತದೆ, ಪೂರ್ತಿಯಾಗುವುದಿಲ್ಲ. ಬೆರಳಚ್ಚಿಸುವ ಅವಸರದಲ್ಲಿ ನುಸುಳಿದ ತಪ್ಪುಗಳು ಅಚ್ಚಾಗಿ ಕೂತವು. ನಮ್ಮ ಮನೆಯ ಪಹಣಿಯಲ್ಲೂ ತಾತನ ಹೆಸರಿನ ಒಂದು ಅಕ್ಷರ ಹೋಗಿ ಬೇರೊಂದು ಬಂದಿತ್ತು. ಮೊದಲಾಗಿದ್ದರೆ ಗ್ರಾಮಲೆಕ್ಕಿಗರು ಮುಖ ನೋಡಿ ‘ಇದು ಮುನಿಶಾಮಪ್ಪನೇ’ ಅನ್ನುತ್ತಿದ್ದರು. ಯಂತ್ರಕ್ಕೆ ಮುಖ ಗೊತ್ತಿಲ್ಲ. ಆ ಒಂದು ಅಕ್ಷರಕ್ಕೆ ನಮ್ಮಪ್ಪ ಕಚೇರಿಯೊಂದಕ್ಕೆ ವರ್ಷವಿಡೀ ಅಲೆದರು. ಇದಕ್ಕಿಂತ ದೊಡ್ಡ ಆಕ್ಷೇಪವೂ ಇದೆ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಜೊತೆಗಾರರು ಬರೆದ ಅಧ್ಯಯನವೊಂದು, ದಾಖಲೆ ಹಳ್ಳಿಯಿಂದ ಮೇಲಕ್ಕೆ ಹೋದದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಅನುಕೂಲವಾಯಿತು ಎಂದು ವಾದಿಸಿತು. ಮಾಲೂರಿನ ರಸ್ತೆಯಲ್ಲಿ ಲೇಔಟುಗಳ ಫಲಕ ಎಣಿಸಿದವರಿಗೆ ಆ ವಾದ ತೀರ ಹೊರಗಿನದೆಂದು ಅನ್ನಿಸದು. ಸಾಫ್ಟ್‌ವೇರನ್ನು ನಾವೇ ಕಟ್ಟಿದ ಮಾತ್ರಕ್ಕೆ ಅದು ಎಲ್ಲರದೂ ಆಗಿಬಿಡುವುದಿಲ್ಲ. ಕಟ್ಟುವಾಗ ಯಾರ ಕೆಲಸವನ್ನು ನೋಡಿ ಕಟ್ಟಿದರು ಎನ್ನುವುದೂ ಸೇರಬೇಕು.

ಮೂರನೆಯ ಲೆಕ್ಕ ತೀರ ಹತ್ತಿರದ್ದು, ನರಸಾಪುರದ್ದು. ಕೋಲಾರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಆ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಸಂಬಳದ ವಿಷಯಕ್ಕೆ ರೊಚ್ಚಿಗೆದ್ದು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಚಿತ್ರಗಳು ದೇಶವೆಲ್ಲ ಹರಿದಾಡಿದವು. ನಂತರ ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ವರದಿ ಹೇಳಿದ್ದು ಬೇರೆ ಬಗೆಯ ಚಿತ್ರ. ಸ್ವಲ್ಪ ಕಾಲದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಬದಲಾಗಿತ್ತು. ಇಷ್ಟು ಜನರನ್ನು ಸಂಭಾಳಿಸಲು ಮಾನವ ಸಂಪನ್ಮೂಲ ವಿಭಾಗ ಸಜ್ಜಾಗಿರಲಿಲ್ಲ. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು. ಸುಮಾರು ಎರಡು ತಿಂಗಳು ಅದನ್ನು ಸರಿಪಡಿಸಿರಲಿಲ್ಲ.

ಎರಡು ತಿಂಗಳು ಅಂದರೆ ಎರಡು ಸಂಬಳ. ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಕಂಪನಿ ಬಸ್ಸು ಹತ್ತಿ ಬಂದು ಹನ್ನೆರಡು ಗಂಟೆ ನಿಂತು ದುಡಿದ ಹುಡುಗನಿಗೆ, ಹುಡುಗಿಗೆ, ತಾನು ಬಂದಿದ್ದೆ ಎನ್ನುವುದಕ್ಕೆ ಯಂತ್ರದ ಸಾಕ್ಷಿ ಬಿಟ್ಟರೆ ಬೇರೆ ಇಲ್ಲ. ಬಹಳಷ್ಟು ಮಂದಿ ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದವರು. ಯಂತ್ರ ತಪ್ಪಿದರೆ ಯಾರನ್ನು ಕೇಳಬೇಕು? ಏಜೆನ್ಸಿ ಕಂಪನಿಯನ್ನು ತೋರಿಸಬಹುದು, ಕಂಪನಿ ಏಜೆನ್ಸಿಯನ್ನು ತೋರಿಸಬಹುದು. ಹೊಡೆದು ಒಡೆದದ್ದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಲೆಕ್ಕ ತಪ್ಪಿದಾಗ ತಿದ್ದುವ ಕೈ ಹತ್ತಿರದಲ್ಲಿ ಕಾಣದೇ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದುಬಾರಿಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿಲ್ಲ. ಆಪಲ್ ಕಂಪನಿ ವಿಸ್ಟ್ರಾನನ್ನು ನಿಗಾದಲ್ಲಿಟ್ಟಿತು; ವಿಸ್ಟ್ರಾನ್ ತನ್ನ ಒಬ್ಬ ಉಪಾಧ್ಯಕ್ಷರನ್ನು ತೆಗೆಯಿತು, ಕಾರ್ಮಿಕರ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಹೋಯಿತು. ಎರಡು ತಿಂಗಳು ಕೆಟ್ಟೇ ಇದ್ದ ಹಾಜರಿ ಕೊಂಡು ತಂದದ್ದಾದರೇನು, ಬರೆಸಿದ್ದಾದರೇನು!

ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಪರಿಚಯದವರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರಿಸುವುದು ನನಗೆ ಸುಲಭವಾಯಿತು. “ಸಾರ್, ರೆಡಿಮೇಡ್ ತಗೊಂಡ್ರೆ ನಮ್ ಬಿಲ್ಲಿಗೆ ಆಗ್ತಿಲ್ಲ, ಹುಡುಗನ ಕೈಲಿ ಬರೆಸಿದ್ರೆ ಅವನು ನಾಳೆ ಬೆಂಗಳೂರಿಗೆ ಹೊರಟುಹೋಗ್ತಾನೆ. ಏನ್ ಮಾಡೋದು ಹೇಳಿ” ಅಂದರು. ಮಂಡಿಯ ಲೆಕ್ಕವೆಂದರೆ ಸಾಮಾನ್ಯದ್ದಲ್ಲ. ತೋಟದವನಿಗೆ ಹೂವು ಬಿಡುವ ಮೊದಲೇ ಕೊಟ್ಟ ಮುಂಗಡ, ತೂಕದಲ್ಲಿ ಕಳೆಯುವುದು, ಹಮಾಲಿ, ಕಮಿಷನ್ನು, ಬಾದಾಮಿಗೆ ಒಂದು ದರ, ಚಿತ್ತೂರಿನ ಜ್ಯೂಸ್ ಕಾರ್ಖಾನೆಗಳಿಗೆ ಹೋಗುವ ತೋತಾಪುರಿಗೆ ಇನ್ನೊಂದು. ಅದಕ್ಕೆ ನಾನು ಹೇಳಿದ್ದು ಇಷ್ಟೇ: “ತೆರಿಗೆ, ಬ್ಯಾಂಕು, ಖರ್ಚಿನ ಪುಸ್ತಕ ಎಲ್ಲ ಅಂಗಡಿಗೂ ಒಂದೇ. ಅದನ್ನ ಕೊಂಡುಕೊಳ್ಳಿ. ರೈತರ ಮುಂಗಡದ ಲೆಕ್ಕ ನಿಮ್ಮದು, ಅದನ್ನ ಚಿಕ್ಕದಾಗಿ ಬರೆಸಿ. ಬರೆಸುವ ಮೊದಲು ಅದರ ನಿಯಮಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ. ಹುಡುಗ ಹೋದರೂ ಪುಸ್ತಕ ಉಳಿಯತ್ತೆ.”

ಅವರು ಒಪ್ಪಿದ ಹಾಗೆ ತಲೆಯಾಡಿಸಿ, “ಜೂನ್ ತಿಂಗಳು ರಾತ್ರಿ ಹನ್ನೊಂದಕ್ಕೆ ಟ್ರ್ಯಾಕ್ಟರ್ ಸಾಲು ನಿಂತಾಗ ಅದು ಕೆಟ್ರೆ?” ಎಂದು ಕೇಳಿದರು. ಬೆಂಗಳೂರಿನ ಕಂಪನಿಗಳು ಮಾಡುವ ಪಟ್ಟಿಯಲ್ಲಿ ಈ ಪ್ರಶ್ನೆಯೇ ಮೊದಲು ಬರಬೇಕು ಅನ್ನಿಸುತ್ತದೆ ನನಗೆ. ಗಣಿಯವರಿಗೆ ಕಾವೇರಿ ಸೊರಗಿದಾಗ ಕೇಳಲು ಮೈಸೂರು ಸರ್ಕಾರವಿತ್ತು, ಆ ಸರ್ಕಾರ ಒಂದು ಕಟ್ಟೆಯನ್ನೇ ಕಟ್ಟಿತು. ನಮ್ಮಪ್ಪನಿಗೆ ಒಂದು ಅಕ್ಷರ ತಿದ್ದಿಸಲು ವರ್ಷ ಹಿಡಿಯಿತು. ನರಸಾಪುರದ ಮಕ್ಕಳಿಗೆ ಎರಡು ತಿಂಗಳಾದರೂ ಉತ್ತರ ಸಿಗಲಿಲ್ಲ. ರಸೀದಿ ಯಾರ ಹೆಸರಿನಲ್ಲೇ ಇರಲಿ, ಲೆಕ್ಕ ತಪ್ಪಿದ ರಾತ್ರಿ ಎದ್ದು ಬರುವವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಂಡ ವ್ಯವಸ್ಥೆ ಮಾತ್ರ ನಮ್ಮದಾಗುತ್ತದೆ.