ಚಪ್ಪಲಿ ಎಲ್ಲಿ ಬಿಡುವುದು, ಯಾರು ಬಿಡುವುದು?

ನಮ್ಮ ಕಡೆ ಮನೆಗೆ ಬಂದವರಿಗೆ ‘ಚಪ್ಪಲಿ ಹೊರಗೆ ಬಿಡಿ’ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿ ಬಂದರೆ ಬಂದವರು ಪರವೂರಿನವರು ಎಂದೇ ಲೆಕ್ಕ. ಮೆಟ್ಟಿಲ ಬುಡದಲ್ಲಿ ಬಿದ್ದಿರುವ ಚಪ್ಪಲಿ ರಾಶಿ ನೋಡಿದರೆ ಸಾಕು, ಒಳಗೆ ಎಷ್ಟು ಜನ ಇದ್ದಾರೆಂದು ಅಂದಾಜು ಸಿಗುತ್ತದೆ. ಇಷ್ಟು ಸಹಜವಾದ ಅಭ್ಯಾಸಕ್ಕೂ ಚರಿತ್ರೆ ಇದೆಯೇ ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಒಂದಲ್ಲ, ಎರಡು ಚರಿತ್ರೆ.

ಮೊದಲನೆಯದು ಕೆಸರಿನದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಗದ್ದೆಯ ಅಂಚು ದಾಟಿ ಬಂದ ಕಾಲು ನೇರ ಒಳಗೆ ಬಂದರೆ ಸೆಗಣಿ ಸಾರಿಸಿದ ನೆಲ ಉಳಿಯುತ್ತದೆಯೇ? ಆ ನೆಲದ ಮೇಲೇ ಚಾಪೆ ಹಾಸಿ ಮಲಗುವುದು, ಆ ನೆಲದ ಮೇಲೇ ಬಾಳೆಲೆ ಹಾಕಿ ಉಣ್ಣುವುದು. ಅದಕ್ಕೇ ಅಂಗಳದಲ್ಲಿ ಕಾಲು ತೊಳೆಯಲು ಚೊಂಬು ನೀರು, ಜಗಲಿಗೆ ಹತ್ತಿದ ಮೇಲೆ ಬೆಲ್ಲ ನೀರು. ಮಳೆ ನಿಂತ ಮೇಲೆ ಅಂಗಳ ಕೆತ್ತಿ, ಬಡಿದು, ಸಾರಿಸಿದರೆ ಅದು ಭತ್ತ ಬಡಿಯುವ ಕಳವೂ ಹೌದು; ಅಲ್ಲಿಗೂ ಮೆಟ್ಟು ಹಾಕಿ ಬರುವಂತಿಲ್ಲ. ಈಗ ಸೆಗಣಿ ಹೋಗಿ ಕಾವಿ ಸಿಮೆಂಟು ಬಂತು, ಅದೂ ಹೋಗಿ ಟೈಲ್ಸ್ ಬಂತು. ಚೊಂಬು ಮಾಯವಾಯಿತು, ಚಪ್ಪಲಿ ಮಾತ್ರ ಹೊರಗೇ ಉಳಿಯಿತು. ಮಣಿಪಾಲದ ಅಪಾರ್ಟ್‌ಮೆಂಟುಗಳಲ್ಲಿ ಆರನೇ ಮಹಡಿಯ ಬಾಗಿಲಲ್ಲೂ ಚಪ್ಪಲಿ ಸ್ಟ್ಯಾಂಡು ಇರುತ್ತದೆ, ಕೆಸರು ಅಷ್ಟು ಎತ್ತರಕ್ಕೆ ಹತ್ತದಿದ್ದರೂ!

ನೆಲದಲ್ಲಿ ಕೂರುವುದಾದರೆ ಚಪ್ಪಲಿ ಹೊರಗೆ, ಬೆಂಚು ಕುರ್ಚಿಯಾದರೆ ಕಾಲಲ್ಲೇ ಇರಲಿ ಎಂಬುದು ನಮಗೆ ಕಂಡ ದೊಡ್ಡ ಸೂತ್ರ. ಮಸೀದಿಯಲ್ಲಿ ಹಣೆ ನೆಲಕ್ಕೆ ತಾಗುತ್ತದೆ, ಚಪ್ಪಲಿ ಹೊರಗೆ. ಚರ್ಚಿನಲ್ಲಿ ಬೆಂಚು, ಹಾಗಾಗಿ ನಮ್ಮ ಕಡೆಯ ಹೆಚ್ಚಿನ ಚರ್ಚುಗಳಲ್ಲಿ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಾರೆ. ದೇವಸ್ಥಾನ, ದೈವಸ್ಥಾನ, ಬಸದಿಗಳಲ್ಲಿ ಕೂರದಿದ್ದರೂ ಬರಿಗಾಲೇ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ಎದುರಿನ ಚತುರ್ಮುಖ ಬಸದಿ 1586ರದ್ದು. ಏಪ್ರಿಲ್ ಮಧ್ಯಾಹ್ನ ಆ ಬಂಡೆಯ ಮೇಲೆ ಬರಿಗಾಲಲ್ಲಿ ನಡೆದವರಿಗೆ ಭಕ್ತಿಯ ತಾಪ ಗೊತ್ತು. ಕಾಪುವಿನ ಸುಗ್ಗಿ ಮಾರಿಪೂಜೆಯ ದಿನ ಮಾರಿಗುಡಿಯ ಹೊರಗೆ ಬೀಳುವ ಚಪ್ಪಲಿಗಳಲ್ಲಿ ಯಾರದ್ದು ಯಾವುದು ಎಂದು ಹೇಳುವವರಿಲ್ಲ. ಸಾಹುಕಾರನದ್ದೂ ಕೂಲಿಯವನದ್ದೂ ಒಂದೇ ರಾಶಿ. ಈ ದೃಶ್ಯವನ್ನೇ ತೋರಿಸಿ ‘ನೋಡಿ, ಬರಿಗಾಲು ಎಲ್ಲರನ್ನೂ ಸಮ ಮಾಡುತ್ತದೆ’ ಎಂದು ಭಾಷಣ ಮಾಡುವುದುಂಟು.

ಆದರೆ ಆ ರಾಶಿಗೆ ಚಪ್ಪಲಿ ಹಾಕುವ ಹಕ್ಕು ಎಲ್ಲರಿಗೂ ಇತ್ತೇ? ಎರಡನೆಯ ಚರಿತ್ರೆ ಶುರುವಾಗುವುದು ಇಲ್ಲಿ.

1947ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ದೇವಾಲಯ ಪ್ರವೇಶ ಕಾಯ್ದೆ ಬಂತು. ಉಡುಪಿ, ಕಾರ್ಕಳ ಆಗ ದಕ್ಷಿಣ ಕನ್ನಡದಲ್ಲಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ಮೈಸೂರಿಗೆ ಸೇರಿದ್ದು 1956ರ ನವೆಂಬರಿನಲ್ಲಿ. ಹೊರಗಿಟ್ಟ ಜಾತಿಗಳಿಗೆ ದೇವಸ್ಥಾನದ ಬಾಗಿಲನ್ನು ಕಾನೂನು ತೆರೆದದ್ದು ಆ ಕಾಯ್ದೆಯಿಂದ. ಅಂದರೆ ಅದಕ್ಕೆ ಮೊದಲು ಅವರಿಗೆ ಚಪ್ಪಲಿ ಕಳಚುವ ಪ್ರಶ್ನೆಯೇ ಬರುತ್ತಿರಲಿಲ್ಲ, ಕಳಚುವ ಜಾಗದವರೆಗೂ ಬರುವಂತಿರಲಿಲ್ಲ. ಊರ ದಾರಿಯಲ್ಲಿ ಮೇಲುಜಾತಿಯವರ ಮನೆ ಎದುರಾದಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕಾದ ಕಟ್ಟುಪಾಡು ದೇಶದ ಎಷ್ಟೋ ಹಳ್ಳಿಗಳಲ್ಲಿತ್ತು. ಚಪ್ಪಲಿ ಹೊಲಿಯುವವನೇ ಚಪ್ಪಲಿ ಮೆಟ್ಟುವಂತಿಲ್ಲ! ಹನ್ನೆರಡನೇ ಶತಮಾನದ ಕಲ್ಯಾಣದ ಹರಳಯ್ಯನ ಕಥೆಯನ್ನು ಜನ ಇನ್ನೂ ಮರೆಯದಿರುವುದು ಇದಕ್ಕೇ ಇರಬೇಕು. ಆತ ಹೊಲಿದು ತಂದ ಜೋಡನ್ನು ಬಸವಣ್ಣ ಕಾಲಿಗೆ ಹಾಕದೆ ತಲೆಯ ಮೇಲೆ ಇಟ್ಟುಕೊಂಡನಂತೆ.

ಬ್ರಿಟಿಷರೂ ಇದರಲ್ಲಿ ಹಿಂದೆ ಬೀಳಲಿಲ್ಲ. ಅವರ ದರ್ಬಾರಿಗೆ ಹೋಗುವ ಭಾರತೀಯರು ಜೋಡು ಕಳಚಬೇಕಿತ್ತು, ಸಾಹೇಬರು ಮಾತ್ರ ಬೂಟು ಹಾಕಿಯೇ ಕುಳಿತಿರುತ್ತಿದ್ದರು. 1854ರಲ್ಲಿ ಗವರ್ನರ್ ಜನರಲ್ ಒಂದು ರಿಯಾಯಿತಿ ಕೊಟ್ಟರು: ಯುರೋಪಿನ ಮಾದರಿಯ ಬೂಟು ಹಾಕಿದವರು ಕಳಚಬೇಕಿಲ್ಲ. ದೇಶಿ ಜೋಡಿನವರು ಕಳಚಲೇಬೇಕು. ಇದರಲ್ಲಿ ಕೆಸರಿನ ಮಾತಿಲ್ಲ, ದೇವರ ಮಾತೂ ಇಲ್ಲ. ಯಾರು ದೊಡ್ಡವರು ಎಂದು ಕಾಲಿನಲ್ಲಿ ಬರೆದು ತೋರಿಸಿದ್ದು ಅಷ್ಟೇ.

ಇದೆಲ್ಲ ಹಳೆಯ ಕಾಲದ್ದು ಎನ್ನೋಣವೆಂದರೆ ಕಾನೂನು ಬಿಡುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿ, 2016ರ ಜನವರಿ 26ರಿಂದ ಜಾರಿಗೆ ತಂದರು. ಸಾರ್ವಜನಿಕ ಸ್ಥಳದಲ್ಲಿ ಸೈಕಲ್, ಬೈಕ್ ಹತ್ತದಂತೆ, ಹೊಸ ಬಟ್ಟೆ ತೊಡದಂತೆ, ಚಪ್ಪಲಿ ಹಾಕದಂತೆ ತಡೆಯುವುದು ಅಪರಾಧ ಎಂದು ಅದರಲ್ಲಿ ಬಿಡಿಸಿ ಬರೆದಿದ್ದಾರೆ. ನಡೆಯದ ಸಂಗತಿಗೆ ಯಾರೂ ಕಾನೂನು ಬರೆಯುವುದಿಲ್ಲ.

ವರದಿಗೆಂದು ಹಳ್ಳಿಯ ಸರ್ಕಾರಿ ಕಚೇರಿಗಳಿಗೆ ಹೋಗುವಾಗ ನಾವು ಈಗ ಬಾಗಿಲ ಬುಡ ನೋಡುತ್ತೇವೆ. ಕೆಲವು ಕಡೆ ಗ್ರಾನೈಟ್ ನೆಲ ಹೊಳೆಯಲೆಂದು ‘ಚಪ್ಪಲಿ ಹೊರಗೆ ಬಿಡಿ’ ಬೋರ್ಡು ಇರುತ್ತದೆ. ಎಲ್ಲರೂ ಬಿಡುವುದಾದರೆ ನಮ್ಮ ತಕರಾರಿಲ್ಲ. ಕಂಪ್ಯೂಟರ್ ಹೊಸತಾಗಿ ಬಂದಾಗ ಕಾಲೇಜಿನ ಲ್ಯಾಬಿಗೂ ಹಾಗೇ ಬರಿಗಾಲಲ್ಲಿ ಹೋಗಬೇಕಿತ್ತು, ಮೇಷ್ಟ್ರೂ ಹಾಗೇ ಹೋಗುತ್ತಿದ್ದರು. ಇನ್ನು ಕೆಲವು ಕಡೆ ಬೋರ್ಡೇ ಇಲ್ಲ. ಪಿಂಚಣಿ ಕೇಳಲು ಬಂದ ಅಜ್ಜ ಆದರೂ ಹವಾಯಿ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗೆ ಮೇಜಿನ ಕೆಳಗೆ ಬೂಟುಗಳು ಕಾಣುತ್ತವೆ. ‘ಹಾಕಿಕೊಂಡೇ ಬನ್ನಿ ಅಜ್ಜ’ ಎಂದು ಕರೆದ ಗುಮಾಸ್ತೆಯೊಬ್ಬರನ್ನು ನಾವು ಒಮ್ಮೆ ನೋಡಿದ್ದೇವೆ. ಅಜ್ಜ ‘ಇರಲಿ ಅಮ್ಮ’ ಎಂದು ಬರಿಗಾಲಲ್ಲೇ ಒಳಗೆ ಬಂದರು.